ಅಕ್ಕನ ಉದಾಹರಣೆ ವಾಕ್ಯಗಳು

ಅನುವಾದ ಕಚೇರಿಯಲ್ಲಿ ಟೈಪಿಸ್ಟಾಗಿದ್ದ ತಂಗಿಗೆ ಇಂಗ್ಲಿಷ್ ಕಲಿಸಲು ಪಣ ತೊಟ್ಟವಳು ಅಕ್ಕ. ಇಲಾಖೆಯ ಪರೀಕ್ಷೆ ಪಾಸಾದರೆ ತಂಗಿ ಅನುವಾದಕಿ. ಇಲ್ಲವೆಂದರೆ ನಿವೃತ್ತಿಯವರೆಗೂ ಬೇರೆಯವರ ವಾಕ್ಯ ಕುಟ್ಟುತ್ತ ಕೂರಬೇಕು.

ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಅಕ್ಕನ ಕ್ರಮವೇ ಬೇರೆ. ಕ್ಯಾಸೆಟ್ಟಿನಲ್ಲಿ ಮೊದಲು ಒಂದು ಕಠಿಣ ಪದ, ಆಮೇಲೆ ಅದರ ಅರ್ಥ, ಕೊನೆಗೊಂದು ಉದಾಹರಣೆ ವಾಕ್ಯ. ಎಲ್ಲವನ್ನೂ ತನ್ನ ದನಿಯಲ್ಲೇ ತುಂಬಿಟ್ಟಿದ್ದಳು. ಪದ ತಲೆಗೆ ಹತ್ತಿದ ಮೇಲೆ ತಂಗಿ ಕೆಂಪು ಗುಂಡಿ ಒತ್ತಿ, ಅಕ್ಕನ ವಾಕ್ಯದ ಮೇಲೆ ತನ್ನ ವಾಕ್ಯ ಹೇಳಬೇಕು. ಅಕ್ಕನದು ಅಳಿಸಿಹೋಗುತ್ತದೆ.

“ಗಿಳಿಪಾಠ ಒಪ್ಪಿಸಿದ್ರೆ ಕಿವಿ ಹಿಂಡ್ತೀನಿ. ನನ್ನ ವಾಕ್ಯ ಊರುಗೋಲು ಅಷ್ಟೆ ಕಣೇ. ನಡೆಯೋಕೆ ಬಂತು ಅಂದ್ರೆ ಎಸೆದುಬಿಡು.”

ಒಂದು ಜ್ವರ ನೆಪವಾಗಿ ಅಕ್ಕ ಹೋಗಿಬಿಟ್ಟಳು. ಅಂದಿನಿಂದ ತಂಗಿ ಕೆಂಪು ಗುಂಡಿ ಮುಟ್ಟಲಿಲ್ಲ. ಕ್ಯಾಸೆಟ್ಟಿನ ನಕಲು ಮಾಡಿಸಿಡಬಹುದಿತ್ತು. ಆದರೆ ಅದು ಎಸೆದುಬಿಡು ಅಂದಿದ್ದ ಅಕ್ಕನ ಕಣ್ಣಿಗೆ ಮಣ್ಣೆರಚಿದ ಹಾಗೆ ಅನ್ನಿಸುತ್ತಿತ್ತು.

ಸಂಜೆ ಬಟಾಣಿ ಬಿಡಿಸಲು ಕೂತರೆ ಅಮ್ಮ, “ಅವಳನ್ನ ಹಾಕೇ,” ಅನ್ನುತ್ತಿದ್ದರು. ಟೇಪನ್ನಲ್ಲ, ಅವಳನ್ನ. ಇಂಗ್ಲಿಷಿನ ಗಂಧಗಾಳಿ ಇಲ್ಲದ ಅಮ್ಮ ಅಕ್ಕ ಉಸಿರು ತೆಗೆದುಕೊಂಡಲ್ಲೆಲ್ಲ ತಾವೂ ಕೈ ನಿಲ್ಲಿಸುತ್ತಿದ್ದರು. ಒಂದು ಸಂಜೆಯಂತೂ ಟೇಪಿಗೆ “ಹೂಂ” ಅಂದರು. ಅಕ್ಕ ಹೋದ ಮೇಲೆ ಯಾರೂ ಕೂರದ ಅವಳ ಕುರ್ಚಿಯ ಕಡೆ ನೋಡಲು ತಂಗಿಗೆ ಧೈರ್ಯ ಸಾಲಲಿಲ್ಲ.

ಪರೀಕ್ಷೆ ಹತ್ತಿರ ಬಂತು. ಊಟದ ಬಿಡುವಿನಲ್ಲಿ ಕಚೇರಿಯ ಹಿರಿಯ ಅನುವಾದಕಿ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು ತಯಾರಿ ನೋಡಿದರು.

“ರಿಲಕ್ಟೆಂಟ್?”

“ಮನಸ್ಸಿಲ್ಲದ, ಹಿಂಜರಿಯುವ.” ಆಮೇಲೆ ಇಂಗ್ಲಿಷಿನಲ್ಲಿ ಪಟಪಟನೆ ವಾಕ್ಯ ಹೇಳಿದಳು: ಹಾಸಿಗೆ ಬಿಟ್ಟು ಏಳಲು ನನ್ನ ತಂಗಿಗೆ ಮನಸ್ಸೇ ಇಲ್ಲ.

“ಗಸ್ಟೊ?”

“ಉತ್ಸಾಹ.” ನನ್ನ ತಂಗಿ ಬಲು ಉತ್ಸಾಹದಿಂದ ಜಗಳ ಆಡುತ್ತಾಳೆ.

ಹಿರಿಯಾಕೆ ಕನ್ನಡಕ ಕೆಳಗಿಳಿಸಿದರು. “ಯಾವ ತಂಗಿಯಮ್ಮಾ? ಮನೇಲಿ ನೀನೇ ಕಿರಿಯವಳಲ್ವಾ?”

ತಂಗಿಗೆ ಆಗಲೇ ಹೊಳೆದದ್ದು: ಇಷ್ಟು ಹೊತ್ತು ಮಾತಾಡಿದ್ದು ತಾನಲ್ಲ. ವಾಕ್ಯದ ನಡುವೆ ಎಳೆದ ಉಸಿರು ಕೂಡ ತನ್ನದಾಗಿರಲಿಲ್ಲ.

ಹಿರಿಯಾಕೆ ಹೆಚ್ಚು ಕೆದಕಲಿಲ್ಲ. ತಮ್ಮ ನೀರಿನ ಲೋಟ ಅವಳತ್ತ ಸರಿಸಿದರು. “ಪರೀಕ್ಷೆಯಲ್ಲಿ ಸ್ವಂತ ವಾಕ್ಯ ಕೇಳ್ತಾರೆ. ನಾಳೆ ಮತ್ತೆ ನೋಡೋಣ, ಆಯ್ತಾ?”

ಅಂದು ಸಂಜೆ ಟೇಪಿನ ಮುಂದೆ ಕೂತವಳು ಅಳಲು ಶುರುಮಾಡಿದಳು. “ಅಮ್ಮಾ, ಕಲೀಬೇಕು ಅಂದ್ರೆ ಅವಳನ್ನ ಅಳಿಸ್ಬೇಕು. ಅಳಿಸದೇ ಇದ್ರೆ ನನ್ನ ಬಾಯಲ್ಲಿ ಅವಳೇ ಮಾತಾಡ್ತಾಳೆ.”

ಅಮ್ಮ ಕೈಯಲ್ಲಿದ್ದ ಬಟಾಣಿ ಕೆಳಗಿಟ್ಟರು. “ಇಷ್ಟು ದಿನ ಕೇಳಿದ್ನಲ್ಲ, ಏನು ಹೇಳ್ತಾಳೆ ಅವಳು?”

ಟೇಪಿನಲ್ಲಿ ಆಗಷ್ಟೇ ಲಿಂಗರ್ ಅನ್ನುವ ಪದ ಬಂದಿತ್ತು. ತಂಗಿ ಕನ್ನಡದಲ್ಲಿ ಹೇಳಿದಳು: “ಹೋಗಬೇಕಾದ ಹೊತ್ತು ಮೀರಿದರೂ ಹೋಗದೆ ಅಲ್ಲೇ ಉಳಿಯುವುದು. ವಾಕ್ಯ: ಕೆಲಸ ಮುಗಿದ ಮೇಲೂ ನನ್ನ ತಂಗಿ ನನ್ನ ಪಕ್ಕದಲ್ಲೇ ಉಳಿಯುತ್ತಾಳೆ.”

“ಎಲ್ಲದರಲ್ಲೂ ನೀನೇನಾ?”

“ಎಲ್ಲದರಲ್ಲೂ.”

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. “ಒತ್ತು ಮಗಾ. ಪಾಠ ಅರ್ಧಕ್ಕೆ ನಿಂತ್ರೆ ಪಾಪ, ಅವಳಾದ್ರೂ ಹೇಗೆ ಹೋಗ್ತಾಳೆ?”

ತಂಗಿ ಟೇಪನ್ನು ಆ ವಾಕ್ಯದ ಮೊದಲಿಗೆ ತಿರುಗಿಸಿ ಕೆಂಪು ಗುಂಡಿ ಒತ್ತಿದಳು. ನನ್ನ ಅಕ್ಕ ಉಳಿಯುತ್ತಾಳೆ, ಎಂದಷ್ಟೇ ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿ ಟೇಪು ನಿಲ್ಲಿಸಿದಳು.

ಹಿಂದಕ್ಕೆ ತಿರುಗಿಸಿ ಕೇಳಿದರು. ತಂಗಿಯ ದನಿ ಮುಗಿಯಿತು. ಅವಳ ವಾಕ್ಯ ಅಕ್ಕನದಕ್ಕಿಂತ ಗಿಡ್ಡ. ಹಾಗಾಗಿ ಅಕ್ಕನ ವಾಕ್ಯದ ಬಾಲ ಅಳಿಯದೆ ಉಳಿದಿತ್ತು. “ಬಿಸೈಡ್ ಮೀ,” ಅಂದಳು ಅಕ್ಕ, ಮೆಲ್ಲಗೆ.

“ಹಾಗಂದ್ರೆ?”

“ನನ್ನ ಪಕ್ಕದಲ್ಲಿ ಅಂತಮ್ಮಾ.”

ಅಮ್ಮ ತಾವು ಕೂತಲ್ಲೇ ಒಂಚೂರು ಸರಿದು ಜಾಗ ಮಾಡಿದರು. ಯಾರಿಗೆಂದು ತಂಗಿ ಕೇಳಲಿಲ್ಲ. ಆ ಬಾಲವನ್ನು ಅಳಿಸಲೂ ಇಲ್ಲ. ಮುಂದಿನ ಪದಕ್ಕೆ ಹೋದಳು.

ಮರುದಿನ ಹಿರಿಯಾಕೆ ಕೇಳಿದ ಪದಗಳಲ್ಲಿ ಲಿಂಗರ್ ಕೂಡ ಬಂತು. ತಂಗಿ ತನ್ನ ವಾಕ್ಯ ಹೇಳಿ ಸುಮ್ಮನಾದಳು, ಯಾರದೋ ಮಾತಿಗೆ ಕಾಯುವವಳಂತೆ. ಅವರೂ ಅವಸರ ಮಾಡದೆ ಕಾದರು.

“ವಾಕ್ಯ ಮುಗೀತಾ?”

“ನನ್ನ ಪಾಲಿಂದು ಮುಗೀತು, ಮೇಡಂ.”