ಚಿನ್ನದ ಬರೆ

ನನಗೆ ಮೊದಲಿನಿಂದಲೂ ಬಾಯಿ ಜೋರು. ಯಾರಾದರೂ ‘ಹೌದಾ?’ ಎಂದು ಕಣ್ಣರಳಿಸಿದರೆ ಸಾಕು, ಕೇಳಿದ್ದಕ್ಕಿಂತ ನಾಲ್ಕು ಮಾತು ಹೆಚ್ಚೇ ಆಡುತ್ತೇನೆ. 2008ರ ಸಂಕ್ರಾಂತಿಗೆ ಧಾರವಾಡದಿಂದ ಬ್ಯಾಡಗಿಗೆ ಬಂದಾಗಲೂ ಅದೇ ಆಯಿತು. ನಾನಾಗ ಲ್ಯಾಬಿನಲ್ಲಿ ಕ್ಯಾನ್ಸರ್ ಗಡ್ಡೆಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೆ. ನಮ್ಮವ್ವನ ತಂಗಿ ಮೈಲವ್ವ ಮೆಣಸಿನಕಾಯಿ ಅಂಗಡಿಯ ಕಟ್ಟೆಯಲ್ಲಿ ಗೆಳತಿ ಕುಲ್ಸುಮಬಿಯ ಜೊತೆ ಕೂತು ತೊಟ್ಟು ಮುರಿಯುತ್ತಿದ್ದಳು. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಈ ಚಿಗವ್ವನೇ.

“ಅಲ್ಲಿ ಏನ ಮಾಡ್ತಿ ಸುಧಾ? ನಮಗೂ ತಿಳಿಯೂಹಂಗ ಹೇಳವಾ,” ಅಂದಳು.

ಅಷ್ಟು ಸಾಕಾಯಿತು ನನಗೆ. “ಬಂಗಾರದ ಕೆಲಸ ಚಿಗವ್ವಾ. ಕಣ್ಣಿಗೆ ಕಾಣದಷ್ಟು ಸಣ್ಣ ಬಂಗಾರದ ಕಣ. ರಕ್ತದಾಗ ಬಿಟ್ರ ಹೋಗಿ ಗಡ್ಡ್ಯಾಗ ಕುಂದರ್ತಾವ. ಮ್ಯಾಲಿಂದ ಬೆಳಕ ಬಿಟ್ರ ಗಡ್ಡಿ ಎಲ್ಲೈತಿ ಅಂತ ತೋರಸ್ತಾವ. ಬೆಳಕ ಇನ್ನೊಂಚೂರು ಜೋರ ಮಾಡಿದ್ರ ಬಂಗಾರ ಕಾಯ್ತೈತಿ, ಆ ಕಾವಿಗೆ ಗಡ್ಡಿ ಸುಟ್ಟ ಹೋಗ್ತೈತಿ. ಕೊಯ್ಯೂದಿಲ್ಲ, ಹೊಲಿಯೂದಿಲ್ಲ!”

“ಯಾ ಅಲ್ಲಾ! ಖರೇನ?” ಎಂದಳು ಕುಲ್ಸುಮಬಿ.

“ಖರೇ. ಇಲಿಗೆ ಮಾಡೇವಿ. ಗಡ್ಡಿ ಕರಗೇತಿ.”

ಚಿಗವ್ವ ತೊಟ್ಟು ಮುರಿಯುವುದನ್ನೇ ಮರೆತಿದ್ದಳು. ಕೈಯಲ್ಲಿನ ಕಾಯಿ ಹಾಗೇ ಉಳಿದಿತ್ತು. ನನ್ನ ಮೇಲಿನ ಹೆಮ್ಮೆಗೆ ಅವಳ ಕೈ ನಿಂತಿದೆ ಅಂದುಕೊಂಡೆ. ಎಂಥ ಹುಚ್ಚಿ ನಾನು!

ಹೋಳಿ ಹುಣ್ಣಿಮೆ ಹತ್ತಿರ ಬಂದಾಗ ಕುಲ್ಸುಮಬಿ ಫೋನು ಮಾಡಿದಳು. “ನಾ ಹೇಳಿದೆ ಅಂತ ಹೇಳಬ್ಯಾಡ. ನಿಮ್ಮ ಚಿಗವ್ವನ ಎದಿ ಒಮ್ಮೆ ನೋಡು. ಲಗೂ ಬಾ.”

ಮರುದಿನವೇ ಬಂದೆ. ತೋರಿಸೆಂದರೆ ಚಿಗವ್ವ ಬಿಲ್ಕುಲ್ ಒಪ್ಪಲಿಲ್ಲ. ಜಗಳ ಮಾಡಿ ಸೆರಗು ಸರಿಸಿದೆ. ಎಡಗಡೆ ಎದೆಯಲ್ಲಿ ನಿಂಬೆಹಣ್ಣಿನಷ್ಟು ಗಂಟು. ಅದರ ಮೇಲೆಲ್ಲ ದುಂಡನೆಯ ಸುಟ್ಟ ಗಾಯಗಳು, ಕೆಲವು ಒಣಗಿದ್ದವು, ಕೆಲವು ಇನ್ನೂ ಹಸಿ.

“ಯಾರಬೇ ಇದು ಬರಿ ಹಾಕಿದ್ದು?”

“ನಾನ,” ಅಂದಳು, ತಲೆ ಎತ್ತದೆ.

ಕಿವಿಯ ಬಂಗಾರದ ಬೆಂಡೋಲೆ ಬಿಚ್ಚಿ, ಇಕ್ಕಳದಲ್ಲಿ ಹಿಡಿದು, ದೀಪಕ್ಕೆ ಕಾಯಿಸಿ ಗಂಟಿನ ಮೇಲೆ ಒತ್ತಿಕೊಳ್ಳುತ್ತಿದ್ದಳಂತೆ. ಆಮೇಲೆ ಮಾಳಿಗೆ ಹತ್ತಿ ಎದೆಗೆ ಬಿಸಿಲು ತಾಗಿಸುತ್ತಿದ್ದಳಂತೆ. ನಮ್ಮ ಕಡೆ ಕಾಮಾಲೆಗೂ ಬರೆ, ಕೂಸಿನ ಹೊಟ್ಟೆನೋವಿಗೂ ಬರೆ. ನಾನು ಹೇಳಿದ್ದು ಅವಳಿಗೆ ಹೊಸದೇನೂ ಅನ್ನಿಸಿರಲಿಲ್ಲ. ಬಂಗಾರ ಅಂದಿದ್ದೆ, ಬೆಳಕು ಅಂದಿದ್ದೆ, ಕಾವು ಅಂದಿದ್ದೆ. ಪಾಪ, ಮೂರನ್ನೂ ತಪ್ಪದೆ ಮಾಡಿದ್ದಳು. ಡಿಸೆಂಬರಿನಲ್ಲೇ ಊರಿನ ಡಾಕ್ಟರರು ಹುಬ್ಬಳ್ಳಿಗೆ ಹೋಗಿ ಗಂಟು ತೆಗೆಸು ಎಂದು ಚೀಟಿ ಬರೆದುಕೊಟ್ಟಿದ್ದರು. ನನ್ನ ಮಾತು ಕೇಳಿದ ಮೇಲೆ ಅದನ್ನು ಟ್ರಂಕಿನ ತಳಕ್ಕೆ ಹಾಕಿಬಿಟ್ಟಿದ್ದಳು.

“ಈಗಿಂದೀಗ ಹುಬ್ಬಳ್ಳಿಗೆ ನಡಿ,” ಎಂದೆ.

“ನಾ ಒಲ್ಲೆ. ಕೊಯ್ಸಿಕೊಳ್ಳಾಂಗಿಲ್ಲ. ನನ್ನ ಬಂಗಾರ ದಪ್ಪ ಆತು, ಅದಕ್ಕ ಒಳಗ ಇಳೀವಲ್ದು. ನಿನ್ನ ಸಣ್ಣ ಬಂಗಾರ ತಂದು ಹಾಕು.”

“ಅದನ್ನ ಮನಷ್ಯಾರಿಗೆ ಹಾಕಾಕ ಬರೂದಿಲ್ಲ.”

“ಇಲಿಗೆ ಬರ್ತೈತಿ, ನನಗ ಬರೂದಿಲ್ಲ! ಉಳ್ಳವರಿಗೆ ಅಂತ ತಗದ ಇಟ್ಟೀರಿ, ಹೌದಿಲ್ಲೋ?”

ನನಗೆ ಸಿಟ್ಟು ನೆತ್ತಿಗೇರಿತು. ಕೂಗಾಡಿದೆ. ಅವಳು ನನಗಿಂತ ಜೋರಾಗಿ ಕೂಗಿದಳು. ಸಾಕಿದ ಋಣದ ತನಕ ಮಾತು ಹೋಯಿತು. ಕುಲ್ಸುಮಬಿ ಓಡಿಬಂದು ಬಾಗಿಲಲ್ಲಿ ನಿಂತಳು. ಕಡೆಗೆ ನಾನು ನೆಲದ ಮೇಲೆ ಕೂತೆ. ಮನೆಯಲ್ಲಿ ಯಾರಿಗೂ ಹೇಳದೇ ಇದ್ದದ್ದನ್ನು ಆಗ ಹೇಳಿದೆ.

“ಹನ್ನೆರಡ ಇಲಿ ಇದ್ದವು ಚಿಗವ್ವಾ. ಐದರ ಗಡ್ಡಿ ಕರಗಿತು. ಉಳಿದ ಏಳು ಸತ್ತವು. ಆ ಬಂಗಾರ ಗಡ್ಡಿಗಷ್ಟ ಹೋಗೂದಿಲ್ಲ, ಲಿವರಿನ್ಯಾಗೂ ಹೋಗಿ ಕುಂದರ್ತೈತಿ. ಅವು ಯಾಕ ಸತ್ತವು ಅನ್ನೂದು ನನಗ ಇನ್ನೂ ಗೊತ್ತಾಗಿಲ್ಲ.”

“ಅವತ್ತ ಯಾಕ ಹೇಳಲಿಲ್ಲ?”

“ನೀವಿಬ್ರೂ ಅಷ್ಟು ಖುಷಿಲೆ ಕೇಳಾಕತ್ತಿದ್ರಿ. ನನಗ ಹಿಗ್ಗ ಬಂದಿತ್ತು.”

ಅವಳು ನನ್ನನ್ನೇ ನೋಡಿದಳು. “ಕೊಯ್ಸಿದ್ರ ನಾ ಉಳೀತೇನೇನ?”

“ಗೊತ್ತಿಲ್ಲ. ಕೊಯ್ಸಲಿಲ್ಲಂದ್ರ ಉಳಿಯೂದಿಲ್ಲ.”

ಚಿಗವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. “ಕುಲ್ಸುಮಾ, ನಾ ಬರೂತನಾ ಎಮ್ಮಿ ನೋಡ್ಕೊ,” ಎಂದು ಎದ್ದಳು.

ಹುಬ್ಬಳ್ಳಿಯ ದವಾಖಾನೆಯಲ್ಲಿ ಸುಟ್ಟ ಚರ್ಮ ಮಾಯುವುದಕ್ಕೇ ಮೂರು ವಾರ ಕಾಯಿಸಿದರು. ಆಮೇಲೆ ಎಡ ಎದೆಯನ್ನು ಪೂರ್ತಿ ತೆಗೆದರು. ಡಾಕ್ಟರರು ನನ್ನನ್ನು ಹೊರಗೆ ಕರೆದು, ಸಂಕ್ರಾಂತಿ ಹೊತ್ತಿಗೇ ಬಂದಿದ್ದರೆ ಗಂಟಷ್ಟನ್ನೇ ತೆಗೆದು ಎದೆ ಉಳಿಸಬಹುದಿತ್ತು ಎಂದರು. ಕಂಕುಳಿಗೂ ಹಬ್ಬಿದೆ, ಇನ್ನು ಔಷಧಿ ಬಹಳ ದಿನ ನಡೆಯುತ್ತದೆ ಎಂದರು.

ಒಂದು ದಿನ ಬಚ್ಚಿಟ್ಟೆ. ಮರುದಿನ ಅವಳ ಮಂಚದ ಹತ್ತಿರ ಕೂತು ಒಂದು ಮಾತೂ ಬಿಡದೆ ಹೇಳಿಬಿಟ್ಟೆ. ಚಿಗವ್ವ ಗೋಡೆ ಕಡೆ ಮುಖ ತಿರುಗಿಸಿದಳು. ಎರಡು ದಿನ ಗಂಜಿಯನ್ನು ನರ್ಸ್ ಕೈಯಿಂದ ಕುಡಿದಳೇ ಹೊರತು ನನ್ನ ಕೈಯಿಂದ ಕುಡಿಯಲಿಲ್ಲ. ನಾನು ಮಂಚದ ಕಾಲ ಬಳಿ ಕೂತೇ ಇದ್ದೆ, ಎಲ್ಲಿಗೆ ಹೋಗಲಿ?

ಮೂರನೆಯ ದಿನ ಬೆಳಗ್ಗೆ ಕರೆದಳು. “ಸುಧಾ.”

“ಏನ ಚಿಗವ್ವಾ?”

“ನಿನ್ನ ಮ್ಯಾಲ ಬಾಳ ಸಿಟ್ಟ ಐತಿ ನನಗ. ಇನ್ನೂ ಬಾಳ ದಿನಾ ಇರ್ತೈತಿ.”

“ಇರಲಿ.”

“ಹಣಗಿ ತಗೊಂಡ ಬಾ, ಹೆರಳ ಹಾಕು. ಈ ಕೈ ಮ್ಯಾಲ ಏಳವಲ್ದು,” ಎಂದು ನನ್ನ ಕಡೆ ಬೆನ್ನು ಮಾಡಿ ಕೂತಳು.