ಬಂಡಿದಾರಿಯ ದಾನಿಗಳು

ನಂದಗುಡಿ ಕಡೆಯ ಆ ಹಳ್ಳಿಗೆ ಮದುವೆಯಾಗಿ ಬಂದಾಗಿನಿಂದ ಮುತ್ತಮ್ಮ ಹೊಲದ ಮನೆಯಿಂದ ಊರೊಳಕ್ಕೆ ಓಡಾಡಿದ್ದು ಒಂದೇ ಬಂಡಿದಾರಿಯಲ್ಲಿ. ತೊಂಬತ್ತೈದರ ಬೇಸಿಗೆಯಲ್ಲಿ ಬೆಂಗಳೂರಿನ ವೇಣುಗೋಪಾಲ್ ಎಂಬುವರು ಆ ದಾರಿಯ ಎರಡೂ ಬದಿಯ ಜಮೀನು ಕೊಂಡರು. ನೇಗಿಲನ್ನು ಯಾವ ತುದಿಗೆ ಹಿಡಿಯಬೇಕೆಂದು ಗೊತ್ತಿಲ್ಲದಿದ್ದರೂ ಕಾಗದದಲ್ಲಿ ಮಾತ್ರ ಮೂರು ತಲೆಮಾರಿನ ರೈತರು. ಎರಡು ಬದಿ ಕೊಂಡ ಮೇಲೆ ನಡುವಿನದು ಪುಕ್ಕಟೆ ಬಂದಂತೆಯೇ ಎಂದುಕೊಂಡು, ಸುತ್ತ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಎಳೆಸಿದರು. ಡಾಕ್ಟರು ನಡೆಯಲು ಹೇಳಿದ್ದರಂತೆ. ವಾರಕ್ಕೊಮ್ಮೆ ಕಾರಿನಲ್ಲಿ ಬಂದು, ಬಿಳಿ ಬೂಟು ಹಾಕಿ, ಬೇಲಿಯೊಳಗೆ ಗಾಣದೆತ್ತಿನ ಹಾಗೆ ಸುತ್ತಿ, ಹಳ್ಳಿಯಲ್ಲಿ ನಡೆಯೋ ಸುಖವೇ ಬೇರೆ ಎನ್ನುತ್ತಿದ್ದರು.

ಕಾವಲಿಗೆ ಇಟ್ಟುಕೊಂಡದ್ದು ಮುತ್ತಮ್ಮನ ಮೈದುನ ಕೊಂಡಪ್ಪನನ್ನೇ.

“ಈ ಕಡೆ ಬರಬ್ಯಾಡಿ ಅತ್ತಿಗೆ, ಸಾಹೇಬ್ರ ಆರ್ಡರು,” ಅಂದ. ಖಾಕಿ ಅಂಗಿ ತೊಟ್ಟು ಎರಡು ದಿನವಾಗಿತ್ತು.

“ನೀನು ಹುಟ್ಟಿದಾಗ ಸೂಲಗಿತ್ತೀನ ಇದೇ ದಾರೀಲಿ ಕರ್ಕೊಂಡ್ಬಂದ್ರಂತೆ ಕಣೋ. ಆಗ ಯಾರ ಆರ್ಡರು ಕೇಳಿದ್ರು?”

ಕೆರೆ ಏರಿ ಸುತ್ತಿ ಹೋಗುವಷ್ಟರಲ್ಲಿ ಹಾಲಿನ ಡೇರಿ ಬಾಗಿಲು ಹಾಕಿರುತ್ತಿತ್ತು. ಮೂರು ದಿನ ಹಾಲು ವಾಪಸ್ಸು ಹೊತ್ತು ತಂದು ಹೆಪ್ಪು ಹಾಕಿದಳು. ಪಂಚಾಯ್ತಿ ಮೆಂಬರು ಮಾತಾಡ್ತೀನಿ ಅಂತ ಹೋಗಿ, ಕೈಯಲ್ಲೊಂದು ಬಿಸ್ಕತ್ತಿನ ಡಬ್ಬಿ ಹಿಡಿದು ಮಾತಿಲ್ಲದೆ ಬಂದ. ಮುತ್ತಮ್ಮ ಹೊಸಕೋಟೆ ಬಸ್ಸು ಹತ್ತಿ ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟಳು. ಏಳು ಸಲ ಅಲೆದ ಮೇಲೆ ಸರ್ವೆಯವನು ನಕಾಶೆ ಹಿಡಿದು ಬಂದ.

“ಇಲ್ಲಿ ಯಾರೂ ಓಡಾಡಿದ್ದೇ ಇಲ್ಲ,” ಅಂದರು ವೇಣುಗೋಪಾಲ್. ಅವರು ನಿಂತಿದ್ದದ್ದು ಗೇಣುದ್ದ ಆಳದ ಗಾಡಿಜಾಡಿನಲ್ಲಿ.

“ನಕಾಶೇಲಿ ಬಂಡಿದಾರಿ ಇದೆ ಸಾರ್.” ಸರ್ವೆಯವನು ಆಮೇಲೆ ಟಾರು ರಸ್ತೆಯಿಂದ ಗೇಟಿಗೆ ಕಾರು ಬರುವ ಹಾದಿಯತ್ತ ತಿರುಗಿದ. “ನಕಾಶೇಲಿ ಇಲ್ದೇ ಇರೋದು ಈ ಹಾದಿ. ಇದ್ಯಾರ ಹೊಲ?”

“ನಮ್ದೇ,” ಅಂದಳು ಮುತ್ತಮ್ಮ. ಕೊಯ್ಲಾದ ಹೊಲದ ಮೇಲೆ ಕಲ್ಲುಕಂಬದ ಲಾರಿ ಹಾದಾಗ, ಪಾಪ ದೂರದಿಂದ ಬಂದವರು ಎಂದು ಸುಮ್ಮನಿದ್ದಿದ್ದಳು; ಆ ಚಕ್ರದ ಗುರುತೇ ಈಗ ಕಾರಿನ ಹಾದಿಯಾಗಿತ್ತು.

ಆದೇಶ ಬರುತ್ತೆ, ಕಾಯಿರಿ ಎಂದು ಹೇಳಿ ಸರ್ವೆಯವನು ಹೊರಟ. ಮುತ್ತಮ್ಮ ಕಾಯಲಿಲ್ಲ. ಗಂಡ ಮುನಿಸ್ವಾಮಿಗೆ ಹೇಳಿ ನೇಗಿಲು ಹೂಡಿಸಿ, ಆ ಮಧ್ಯಾಹ್ನವೇ ಕಾರಿನ ಹಾದಿಯನ್ನು ಅಡ್ಡಡ್ಡ ಉಳುಮೆ ಮಾಡಿಸಿದಳು.

“ನನ್ನ ಕಾರು ಒಳಗಿದೆ ಕಣಮ್ಮ,” ಅಂದರು ವೇಣುಗೋಪಾಲ್.

“ಇರಲಿ ಬಿಡಿ ಸ್ವಾಮಿ, ನಾವದನ್ನ ಮುಟ್ಟಲ್ಲ.”

ಹೊರಗೆ ಹೋಗಲು ಇನ್ನುಳಿದದ್ದು ಬಂಡಿದಾರಿಯೊಂದೇ. ಹೊತ್ತಿಳಿಯುವ ತನಕ ಯೋಚಿಸಿ, ಕೊನೆಗೆ ಅವರೇ ಕೊಂಡಪ್ಪನಿಗೆ ಊರ ಕಡೆಯ ತಂತಿ ಕತ್ತರಿಸಲು ಹೇಳಿದರು. ಕಾರು ಜಾಡಿನಲ್ಲಿ ಕುಲುಕುತ್ತಾ ಹೊರಟಿತು.

“ಇಕ್ಕಳ ಹೆಂಗೂ ಕೈಲೇ ಐತಲ್ಲ,” ಅಂದಳು ಮುತ್ತಮ್ಮ, “ನಮ್ಮ ಕಡೇದೂ ಕತ್ತರಿಸ್ಬಿಡು.”

ಕೊಂಡಪ್ಪ ಸಾಹೇಬರತ್ತ ನೋಡಿದ. ಅವರು ಕಾರಿನ ಗಾಜು ಏರಿಸಿಕೊಂಡಿದ್ದರು. ಅವನು ಕತ್ತರಿಸಿದ.

ದಾರಿ ಮತ್ತೆ ಮುಚ್ಚಲಿಲ್ಲ. ಕಾರಿಗೂ ಅದೇ ಬೇಕಿತ್ತಲ್ಲ. ಎರಡು ತಿಂಗಳಾದ ಮೇಲೆ ದಾರಿಯ ಪಕ್ಕದಲ್ಲೊಂದು ಕೆತ್ತಿದ ಕಲ್ಲು ಬಂತು. ಓದು ಬಾರದ ಮುತ್ತಮ್ಮ ಕೊಂಡಪ್ಪನ ಕೈಲಿ ಓದಿಸಿದಳು: ‘ಗ್ರಾಮಸ್ಥರಿಗೆ ಈ ದಾರಿಯ ದಾನಿಗಳು ಶ್ರೀ ವೇಣುಗೋಪಾಲ್.’

ಅವಳು ಕಲ್ಲನ್ನು ಅಲ್ಲಾಡಿಸಿ ನೋಡಿದಳು. ಆಳವಾಗಿಯೇ ನೆಟ್ಟಿದ್ದರು. ಮಾರನೆಯ ದಿನದಿಂದ ಎಮ್ಮೆಯನ್ನು ಅದಕ್ಕೇ ಕಟ್ಟತೊಡಗಿದಳು.