ಎಂಟನೆಯ ಪಟ

ಆ ದ್ವೀಪ ಎಷ್ಟು ಚಿಕ್ಕದೆಂದರೆ, ಒಂದು ತುದಿಯಲ್ಲಿ ಸೀನಿದವನಿಗೆ ಇನ್ನೊಂದು ತುದಿಯಿಂದ ‘ನೂರು ವರ್ಷ ಬಾಳಪ್ಪ’ ಎಂದು ಹರಸಬಹುದು ಎಂದು ಅಲ್ಲಿನವರೇ ತಮಾಷೆ ಮಾಡುತ್ತಿದ್ದರು. ಆದರೆ ಅಷ್ಟು ಚಿಕ್ಕ ನೆಲಕ್ಕೂ ತನ್ನವರೆಂದು ಹೇಳಿಕೊಳ್ಳಲು ನಾಲ್ಕು ಜನ ದೊಡ್ಡವರು ಬೇಕಲ್ಲ! ಅವರೆಲ್ಲ ದೋಣಿಕಟ್ಟೆಯ ಪಕ್ಕದ ಕಾಯುವ ಕೋಣೆಯಲ್ಲಿದ್ದರು. ಗೋಡೆಯ ಮೇಲೆ, ಗಾಜಿನ ಹಿಂದೆ, ಒಟ್ಟು ಏಳು ಜನ.

ಒಬ್ಬರು ಕಣ್ಣಿನ ವೈದ್ಯರು. ಒಬ್ಬ ಕುಸ್ತಿಯ ಪೈಲ್ವಾನ. ಇನ್ನೊಬ್ಬ ಬಾವಿ ತೋಡುವವನು. ಸುತ್ತಲೂ ಉಪ್ಪುನೀರಿರುವಲ್ಲಿ ಸಿಹಿನೀರಿನ ಸೆಲೆ ಕಂಡುಹಿಡಿದ ಪುಣ್ಯಾತ್ಮ. ಆಮೇಲೆ ನಕ್ಷೆ ಬರೆಯುವವರು, ಹಾಡುಗಾರರು. ಆರನೆಯವರು ದೊಡ್ಡ ನ್ಯಾಯಾಧೀಶರು. ಅವರು ಹುಟ್ಟಿದ ಎಂಟನೆಯ ದಿನವೇ ದ್ವೀಪ ಬಿಟ್ಟವರು, ಮತ್ತೆ ಇತ್ತ ತಲೆ ಹಾಕಿಯೂ ಮಲಗಲಿಲ್ಲ. ಏಳನೆಯವರಿಗೆ ಇದು ಹೆಂಡತಿಯ ತವರು, ಅಷ್ಟೇ ನಂಟು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ.

ಆ ಗೋಡೆಗೆ ಒಂದು ಕಟ್ಟಳೆಯಿತ್ತು: ಅಲ್ಲಿಗೆ ಏರಬೇಕಾದರೆ ಮನುಷ್ಯ ಸತ್ತಿರಬೇಕು. ಈ ಕಟ್ಟಳೆ ಸುಮ್ಮನೆ ಹುಟ್ಟಿದ್ದಲ್ಲ. ಹಿಂದೊಮ್ಮೆ ಬದುಕಿದ್ದ ಸಾಹುಕಾರರೊಬ್ಬರ ಪಟವನ್ನು ವಾದ್ಯ ಬಾರಿಸಿ ಏರಿಸಿದ್ದರು. ಮರುವರ್ಷವೇ ಅವರು ಸಿಹಿನೀರಿನ ಬಾವಿಗೆ ಬೇಲಿ ಹಾಕಿ ‘ನನ್ನದು’ ಎಂದರು. ಜನ ಪಟ ಇಳಿಸಿದರು. ಸುತ್ತಲ ಗೋಡೆ ಹೊಗೆಗೆ ಕಪ್ಪಾಗಿದ್ದರೂ ಪಟ ಇದ್ದ ಜಾಗ ಮಾತ್ರ ಬೆಳ್ಳಗೆ ಚೌಕವಾಗಿ ಉಳಿಯಿತು. ‘ಸತ್ತವರು ಇನ್ನು ಕೆಡೋದಿಲ್ಲ, ಅವರೇ ವಾಸಿ’ ಎಂದು ಹಿರಿಯರು ತೀರ್ಮಾನಿಸಿದರು.

ಏಳು ಪಟಗಳಲ್ಲಿ ಎರಡಕ್ಕೆ ಮರದ ಕಟ್ಟು ಹಾಕಿದವನು ದ್ವೀಪದ ಪಟದಂಗಡಿಯವನ ತಂದೆ. ಉಳಿದ ಐದಕ್ಕೆ ಹಾಕಿದವನು ಪಟದಂಗಡಿಯವನೇ. ಮೊಳೆ ಹೊಡೆದು ಪಟ ಏರಿಸುವುದೂ ಅವನದೇ ಕೆಲಸ. ಅವನ ಹೆಂಡತಿ ಅದೇ ಕೋಣೆಯಲ್ಲಿ, ಆ ಬಿಳಿ ಚೌಕದ ಸರಿಯಾಗಿ ಕೆಳಗೆ, ಒಲೆ ಇಟ್ಟುಕೊಂಡು ಚಹಾ ಮಾರುತ್ತಿದ್ದಳು. ಊರಿಗೆಲ್ಲ ಅವಳು ಚಹಾದಕ್ಕ. ‘ಬೆಳಗಾದರೆ ನನ್ನ ತಲೆ ಮೇಲೆ ಏಳು ಜನ ದೊಡ್ಡ ಮನುಷ್ಯರು. ಒಬ್ಬನಾದರೂ ಒಂದು ಲೋಟ ಚಹಾ ಕೇಳಿದ್ದುಂಟಾ?’ ಎಂದು ದೋಣಿ ಕಾಯುವವರನ್ನು ನಗಿಸುತ್ತಿದ್ದಳು.

ಅವರಿಗೊಬ್ಬಳೇ ಮಗಳು. ಆ ದ್ವೀಪದಿಂದ ಹೋಗಿ ಸರಕು ಹಡಗಿನ ಕ್ಯಾಪ್ಟನ್ ಆದ ಮೊದಲ ಹೆಣ್ಣು. ಏಳು ವರ್ಷದ ಹಿಂದೆ ಅವಳ ಹಡಗು ಬಿರುಗಾಳಿಗೆ ಸಿಕ್ಕಿ ಕಾಣೆಯಾಯಿತು. ಒಂದು ಹಲಗೆ ತೇಲಿ ಬರಲಿಲ್ಲ, ಒಂದು ದೇಹ ದಡ ಸೇರಲಿಲ್ಲ. ಕಂಪನಿಯವರು ಕಾಗದ ಬರೆದು ಕೈ ತೊಳೆದುಕೊಂಡರು.

ತಂದೆಯ ಮನಸ್ಸಿಗೆ ಮೂರು ತಿಂಗಳಲ್ಲೇ ಗೊತ್ತಾಗಿಹೋಗಿತ್ತು. ತಾಯಿ ಮಾತ್ರ ‘ಅವಳು ಬಂದಾಗ’ ಎಂದೇ ಮಾತು ಶುರುಮಾಡುತ್ತಿದ್ದಳು. ‘ಅವಳು ಬಂದಾಗ ಕಿಟಕಿಗೆ ಬಣ್ಣ ಹೊಡೆಸೋಣ.’ ‘ಅವಳು ಬಂದಾಗ ನಿಮ್ಮ ಕೆಮ್ಮು ನೋಡಿ ಬೈತಾಳೆ ನೋಡಿ.’ ಅವನು ಹೂಂಗುಡುತ್ತಿದ್ದ. ಆ ಮನೆಯಲ್ಲಿ ‘ಸತ್ತಳು’ ಎಂಬ ಮಾತು ಏಳು ವರ್ಷ ಯಾರ ಬಾಯಿಂದಲೂ ಬರಲಿಲ್ಲ. ಅವನು ದೇವರನ್ನು ನಂಬಿದ ಮನುಷ್ಯ. ಸಂಜೆಯ ಪ್ರಾರ್ಥನೆಯಲ್ಲಿ ಮೊದಲು ಬದುಕಿರುವವರ ಕ್ಷೇಮ ಕೇಳಿ, ಆಮೇಲೆ ತೀರಿಕೊಂಡವರಿಗೆ ಶಾಂತಿ ಕೇಳುವುದು ಅವನ ವಾಡಿಕೆ. ಹೆಂಡತಿ ಪಕ್ಕದಲ್ಲಿ ಕುಳಿತಿರುವಾಗ ಮಗಳ ಹೆಸರನ್ನು ಮೊದಲನೆಯ ಸಾಲಿನಲ್ಲಿ ಹೇಳುತ್ತಿದ್ದ. ದೇವರ ಮುಂದೆಯೇ ನಟಿಸುತ್ತಿದ್ದೇನಲ್ಲ ಎಂದು ನಾಚಿಕೆಯಾಗುತ್ತಿತ್ತು.

ಹೀಗಿರುವಾಗ ಒಂದು ದಿನ ನಿವೃತ್ತ ಹೆಡ್‌ಮಾಸ್ತರರು ಅಂಗಡಿಗೆ ಬಂದರು. ಗೋಡೆಯ ಸಮಿತಿಗೆ ಅವರೇ ಅಧ್ಯಕ್ಷರು. ಕೂರಲು ಹೇಳಿದರೂ ಕೂರಲಿಲ್ಲ.

“ನೋಡಪ್ಪ, ನಿನ್ನೆ ಸಮಿತಿ ಸೇರಿತ್ತು. ಆ ಬಿಳಿ ಚೌಕದ ಜಾಗಕ್ಕೆ ಎಂಟನೇ ಪಟ ನಮ್ಮ ಕ್ಯಾಪ್ಟನ್ನದೇ ಅಂತ ಎಲ್ಲರೂ ಒಪ್ಪಿದ್ದಾರೆ. ಏಳು ವರ್ಷ ಆಯ್ತು, ಕಾಯಿದೆನೂ ಒಪ್ಪುತ್ತೆ.”

ಪಟದಂಗಡಿಯವನು ಉಳಿ ಕೆಳಗಿಟ್ಟ. “ಅವಳಮ್ಮ ಒಪ್ಪೋದಿಲ್ಲ ಮೇಷ್ಟ್ರೇ.”

“ಅವಳನ್ನ ಕೇಳಿದರೆ ಯಾವ ಕಾಲಕ್ಕೂ ಒಪ್ಪೋದಿಲ್ಲ. ನೀನು ತಂದೆ, ನಿನ್ನ ಸಹಿ ಸಾಕು.” ಮಾಸ್ತರರ ದನಿ ಇಳಿಯಿತು. “ನಿನ್ನ ಮಗಳಿಗೆ ಭೂಗೋಳ ಕಲಿಸಿದವನು ನಾನು. ನಕ್ಷೆ ತಲೆಕೆಳಗಾಗಿ ತೂಗುಹಾಕಿದೀರಿ ಅಂತ ನನ್ನನ್ನೇ ತಿದ್ದಿದ ಹುಡುಗಿ. ಆ ಗೋಡೆ ಮೇಲೆ ಎಂಟು ದಿನ ಇದ್ದು ಹೋದವರಿದ್ದಾರೆ, ಅವಳಿಲ್ಲ. ನಾನು ಕಣ್ಣು ಮುಚ್ಚೋದರೊಳಗೆ ನೋಡಬೇಕಪ್ಪ.”

ಮಾಸ್ತರರು ತಂದಿದ್ದ ಅರ್ಜಿಯಲ್ಲಿ ನಾಲ್ಕೇ ಸಾಲು. ಹೆಸರು, ಹುಟ್ಟಿದ ದಿನ, ತೀರಿಕೊಂಡ ದಿನ, ಸಹಿ ಮಾಡುವವರ ಸಂಬಂಧ. ಮೂರನೆಯ ಸಾಲಿಗೆ ಬಂದಾಗ ಪೆನ್ನು ನಿಂತಿತು. ಕಂಪನಿಯ ಕಾಗದದಲ್ಲಿ ‘ಹಡಗಿನಿಂದ ಕೊನೆಯ ಸುದ್ದಿ ಬಂದ ದಿನ’ ಎಂದಿದ್ದ ತಾರೀಕು ಅವನಿಗೆ ಬಾಯಿಪಾಠವಾಗಿತ್ತು. ಅದನ್ನೇ ಬರೆದ. ಸಹಿ ಹಾಕಿದ. ಹಾಕಿದ ಮೇಲೆ, ಬಹಳ ಹೊತ್ತು ಹೊತ್ತ ಮೂಟೆಯನ್ನು ಯಾರೋ ಒಂದು ಕಡೆಯಿಂದ ಹಿಡಿದುಕೊಂಡಂತಾಯಿತು. ಇನ್ನು ಊರೇ ಹೇಳುತ್ತದೆ, ನಾನು ಹೇಳಬೇಕಾಗಿಲ್ಲ ಎಂದುಕೊಂಡ.

ಮರುದಿನದಿಂದ ಬಾಗಿಲು ಅರ್ಧ ಮುಚ್ಚಿಕೊಂಡು ಕೆಲಸ ಹಿಡಿದ. ಒಳ್ಳೆಯ ಮರ ಆರಿಸಿದ. ನಾಲ್ಕು ಪಟ್ಟಿಗಳ ತುದಿಗಳನ್ನು ಓರೆಯಾಗಿ ಕೊಯ್ದು, ಮೂಲೆಗೆ ಮೂಲೆ ಕೂಡಿಸಿ ನೋಡಿದ. ಕೂದಲು ತೂರುವಷ್ಟೂ ಸಂದಿಲ್ಲ. ಅಂಟು ಹಾಕಿ, ದಾರ ಬಿಗಿದು, ಒಂದು ದಿನ ಆರಲು ಬಿಟ್ಟ. ಗಾಜು ಕೊಯ್ಯುವಾಗ ಕೈ ನಡುಗಬಹುದೆಂದು ಹೆದರಿದ್ದ. ನಡುಗಲಿಲ್ಲ. ಐದು ಜನ ಬೇರೆಯವರಿಗೆ ಹಾಕಿದ ಹಾಗೆಯೇ ಹೆತ್ತ ಮಗಳಿಗೂ ಕಟ್ಟು ಹಾಕುತ್ತಿದೆಯಲ್ಲ ಈ ಕೈ ಎಂದು ಅದನ್ನೇ ನೋಡುತ್ತ ಕುಳಿತ. ಪಟದಲ್ಲಿ ಅವಳು ಸಮವಸ್ತ್ರ ತೊಟ್ಟು, ಬಿಸಿಲಿಗೆ ಒಂದು ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದಳು.

ಗುಟ್ಟು ಮೂರೇ ದಿನ ನಿಂತಿತು. ನಾಲ್ಕನೆಯ ದಿನ ದೋಣಿ ನಡೆಸುವವನು ಚಹಾ ಹೀರುತ್ತ, ಒಳ್ಳೆಯ ಮನಸ್ಸಿನಿಂದಲೇ, “ಇನ್ನು ಭಾನುವಾರದಿಂದ ಮಗಳ ನೆರಳಲ್ಲೇ ವ್ಯಾಪಾರ ಅಲ್ವಾ ಅಕ್ಕ? ಪುಣ್ಯ ಮಾಡಿದ್ದೀರಿ” ಎಂದುಬಿಟ್ಟ.

ಹತ್ತು ಗಂಟೆಯ ದೋಣಿ ಬರುವ ಹೊತ್ತಿನಲ್ಲಿ ಚಹಾದಕ್ಕ ಒಲೆ ಬಿಟ್ಟು ಎದ್ದದ್ದನ್ನು ಆ ದ್ವೀಪ ಕಂಡಿರಲಿಲ್ಲ. ಅಂದು ಎದ್ದಳು. ಕೈಯಲ್ಲಿ ಸೌಟು ಹಿಡಿದುಕೊಂಡೇ ಅಂಗಡಿಗೆ ಬಂದಳು. ಮೇಜಿನ ಮೇಲೆ ಪಟ ಮಲಗಿತ್ತು. ಅತ್ತ ನೋಡಲಿಲ್ಲ, ಗಂಡನನ್ನೇ ನೋಡಿದಳು.

“ಸಹಿ ಹಾಕಿದ್ರಾ?”

“ಹಾಕಿದೆ.”

“ನನ್ನ ಕೇಳದೆ?”

“ಕೇಳಿದ್ದರೆ ಏನಂತಿದ್ದೆ?”

“ಬೇಡ ಅಂತಿದ್ದೆ. ಅದಕ್ಕೇ ಕೇಳಲಿಲ್ಲ. ಹೆಂಡತಿಗೆ ಹೆದರೋ ಗಂಡಸು, ಮಗಳನ್ನ ಸಾಯಿಸೋಕೆ ಹೆದರಲಿಲ್ಲ!”

“ನಾನೆಲ್ಲೇ ಸಾಯಿಸಿದೆ? ಏಳು ವರ್ಷ...”

“ಎಪ್ಪತ್ತಾಗಲಿ. ಯಾವ ತಾರೀಕು ಬರೆದ್ರಿ?”

ಅವನು ಉಳಿ ಎತ್ತಿಕೊಂಡು ಒರೆಸತೊಡಗಿದ. ಅವಳು ಬಿಡಲಿಲ್ಲ. ಕೊನೆಗೆ ಹೇಳಿದ.

ಚಹಾದಕ್ಕ ಬಾಗಿಲ ಚೌಕಟ್ಟಿಗೆ ಒರಗಿದಳು. “ಆವತ್ತು ಮಧ್ಯಾಹ್ನ ನನಗೆ ಫೋನ್ ಮಾಡಿದ್ದಳು ರೀ. ಅಂಗಿ ಪಟ್ಟಿಗೆ ಚಹಾ ಚೆಲ್ಲಿಕೊಂಡಿದ್ದೀನಿ, ಕಲೆ ಹೇಗಮ್ಮ ತೆಗೆಯೋದು ಅಂತ ಕೇಳಿದಳು. ಚಹಾ ಮಾರೋಳ ಮಗಳಾಗಿ ಅಷ್ಟೂ ಗೊತ್ತಿಲ್ವಾ ಅಂತ ನಕ್ಕೆ. ಅವಳೂ ನಕ್ಕಳು. ನಕ್ಕ ದಿನವನ್ನೇ ಸತ್ತ ದಿನ ಮಾಡಿದ್ರಾ?”

ಫೋನ್ ಬಂದದ್ದು ಅವನಿಗೆ ಗೊತ್ತಿತ್ತು. ಆ ದಿನವೇ ಈ ದಿನ ಎಂಬುದು ಮಾತ್ರ ಹೊಳೆದಿರಲಿಲ್ಲ. ಕಾಗದದ ತಾರೀಕು ಕಾಗದದಲ್ಲಿತ್ತು, ನಗು ಇನ್ನೆಲ್ಲೋ ಇತ್ತು.

“ಬೇರೆ ಯಾವ ತಾರೀಕು ಬರೀಲಿ, ನೀನೇ ಹೇಳು” ಎಂದ.

“ನನ್ನ ಬಾಯಲ್ಲಿ ಹೇಳಿಸ್ತೀರಾ?” ಎಂದಳು. “ಆಯ್ತು, ಏರಿಸಿ. ಆದರೆ ಮೊಳೆ ಹೊಡೀಬೇಕಂದ್ರೆ ನನ್ನ ಒಲೆ ಸರಿಸಬೇಕು. ಯಾರು ಸರಿಸ್ತಾರೋ ನೋಡ್ತೀನಿ.” ಸೌಟು ಬೀಸಿಕೊಂಡು ಹೊರಟುಹೋದಳು.

ಭಾನುವಾರದವರೆಗಿನ ಮೂರು ದಿನ ಮನೆಯಲ್ಲಿ ಪಾತ್ರೆಗಳು ಮಾತಾಡಿದವು, ಮನುಷ್ಯರು ಆಡಲಿಲ್ಲ. ಸಂಜೆ ಅವಳು ಪ್ರಾರ್ಥನೆಗೆ ಪಕ್ಕದಲ್ಲಿ ಕೂರಲಿಲ್ಲ. ಒಬ್ಬನೇ ಕುಳಿತ ಅವನಿಗೆ ಮಗಳ ಹೆಸರನ್ನು ಯಾವ ಸಾಲಿನಲ್ಲಿಯೂ ಹೇಳಲಾಗಲಿಲ್ಲ. ‘ನೀನು ಬಲ್ಲೆ’ ಎಂದಷ್ಟೇ ಹೇಳಿ ಎದ್ದ. ದುಃಖ ಬಂದವರಿಗೆ ದೇವರು ದಾರಿ ತೋರುತ್ತಾನೆ ಎನ್ನುತ್ತಾರೆ. ನಿಜವಿರಬಹುದು. ಆದರೆ ಕೆಲವು ಸಲ ತೋರಿಸುವ ಮೊದಲು ಬಹಳ ಹೊತ್ತು ಕತ್ತಲಲ್ಲಿ ನಿಲ್ಲಿಸುತ್ತಾನೆ.

ಭಾನುವಾರ ಬೆಳಿಗ್ಗೆ ಕಾಯುವ ಕೋಣೆ ತುಂಬಿತ್ತು. ಹಡಗು ಇಲಾಖೆಯ ದೊಡ್ಡ ಅಧಿಕಾರಿಯೊಬ್ಬರು ದೋಣಿಯಲ್ಲಿ ಬರುವವರಿದ್ದರು. ಹೆಡ್‌ಮಾಸ್ತರರು ಇಸ್ತ್ರಿ ಮಾಡಿದ ಕೋಟು ತೊಟ್ಟು, ಭಾಷಣದ ಚೀಟಿಯನ್ನು ಮೂರನೆಯ ಸಲ ಓದಿಕೊಳ್ಳುತ್ತಿದ್ದರು. ಚಹಾದಕ್ಕ ಎಂದಿನಂತೆ ಒಲೆಯ ಹಿಂದೆ ಕುಳಿತಿದ್ದಳು. ಎಂದಿಗಿಂತ ದೊಡ್ಡ ಉರಿ ಹಾಕಿದ್ದಳು. ಪಾತ್ರೆಯ ಆವಿ ನೇರವಾಗಿ ಬಿಳಿ ಚೌಕಕ್ಕೆ ಬಡಿಯುತ್ತಿತ್ತು.

“ಸ್ವಲ್ಪ ಸರಿಯಮ್ಮ” ಎಂದರು ಮಾಸ್ತರರು.

“ಚಹಾ ಕುದೀತಾ ಇದೆ, ಮೇಷ್ಟ್ರೇ.”

“ಐದು ನಿಮಿಷದ ಕೆಲಸ.”

“ನಿಮಗೆ ಐದು ನಿಮಿಷ.”

ಯಾರೂ ಒಲೆ ಮುಟ್ಟಲಿಲ್ಲ. ಪಟದಂಗಡಿಯವನು ಪಟವನ್ನು ಬೆಂಚಿಗೆ ಒರಗಿಸಿಟ್ಟು, ಎತ್ತರದ ಸ್ಟೂಲನ್ನು ಒಲೆಯ ಪಕ್ಕಕ್ಕೇ ಒತ್ತಿ ನಿಲ್ಲಿಸಿ ಹತ್ತಿದ. ಒಂದು ಕೈಯಲ್ಲಿ ಸುತ್ತಿಗೆ, ತುಟಿಯ ನಡುವೆ ಮೊಳೆ. ಬಗ್ಗಿ ಕೈ ಚಾಚಿದರೆ ಗೋಡೆ ಎಟುಕುತ್ತಿತ್ತು. ಆವಿ ಮುಖಕ್ಕೆ ಹೊಡೆಯಿತು. ಕೆಳಗೆ ಹೆಂಡತಿಯ ತಲೆ ಕಾಣುತ್ತಿತ್ತು. ಬೈತಲೆ ಎಷ್ಟು ಅಗಲವಾಗಿದೆ, ಕೂದಲು ಎಷ್ಟು ಉದುರಿದೆ ಎಂಬುದನ್ನು ಮೇಲಿನಿಂದ ಅವನು ಹಿಂದೆಂದೂ ನೋಡಿರಲಿಲ್ಲ. ಅವಳು ತಲೆ ಎತ್ತಲಿಲ್ಲ. ಚಹಾ ಉಕ್ಕಿ ಒಲೆಗೆ ಸುರಿಯುತ್ತಿದ್ದರೂ ಕೈ ಆಡಿಸದೆ ಕುಳಿತಿದ್ದಳು.

ಅವನು ಬಾಯಿಂದ ಮೊಳೆ ತೆಗೆದ.

“ಮೇಷ್ಟ್ರೇ, ನಾನು ಬರೆದ ತಾರೀಕು ಸುಳ್ಳು.”

“ಏನಪ್ಪಾ, ಈಗ?” ಮಾಸ್ತರರು ಗಾಬರಿಯಾದರು. “ದೋಣಿ ಕಾಣ್ತಾ ಇದೆ! ಸರಿ, ನಿಜವಾದ ತಾರೀಕು ಹೇಳು, ತಿದ್ದೋಣ.”

“ಗೊತ್ತಿಲ್ಲ. ಆ ದಿನ ಅವಳು ಬದುಕಿದ್ದಳು, ಅಮ್ಮನ ಹತ್ತಿರ ನಗ್ತಾ ಮಾತಾಡಿದ್ದಳು. ಮರುದಿನವೋ, ಅದರ ಮರುದಿನವೋ, ಎಷ್ಟು ಹೊತ್ತು ನೀರಲ್ಲಿದ್ದಳೋ, ಯಾರನ್ನ ಕರೆದಳೋ, ನನಗೆ ಗೊತ್ತಿಲ್ಲ.” ಅವನು ಸುತ್ತಿಗೆ ಕೆಳಗಿಳಿಸಿದ. “ಸತ್ತಿದ್ದಾಳೆ. ನನ್ನ ಮಗಳು ಸತ್ತುಹೋಗಿದ್ದಾಳೆ. ಅಷ್ಟೇ ನನಗೆ ಗೊತ್ತಿರೋದು. ಅಷ್ಟೇ ಗೊತ್ತಿಟ್ಟುಕೊಂಡು ನಾನು ಮೊಳೆ ಹೊಡೆಯಲಾರೆ.”

ಅವನು ಸ್ಟೂಲಿನಿಂದ ಇಳಿದ. ಇಳಿದ ಮೇಲೂ ಹೆಂಡತಿಯ ಕಡೆ ನೋಡುವ ಧೈರ್ಯವಾಗಲಿಲ್ಲ. ಮಾಸ್ತರರು ಭಾಷಣದ ಚೀಟಿಯನ್ನು ಮಡಿಸುತ್ತ ಮಡಿಸುತ್ತ ಉಗುರಿನಷ್ಟು ಮಾಡಿದರು.

ಚಹಾದಕ್ಕ ಎದ್ದಳು. ಉರಿ ಆರಿಸಿದಳು. ಉಕ್ಕಿದ ಚಹಾವನ್ನು ಒರೆಸಲಿಲ್ಲ. ಬೆಂಚಿನ ಹತ್ತಿರ ಹೋಗಿ ಮೊದಲ ಸಲ ಪಟವನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ದೋಣಿ ಕಟ್ಟೆಗೆ ತಾಗಿದ ಸದ್ದಾಯಿತು.

“ಹಿಡ್ಕೊಳ್ರೀ ಒಂದು ಕಡೆ” ಎಂದಳು. “ಮನೆಗೆ ತಗೊಂಡು ಹೋಗೋಣ.”

ದೋಣಿಯಿಂದ ಇಳಿದು ಬರುತ್ತಿದ್ದ ಅಧಿಕಾರಿ ದಾರಿ ಬಿಟ್ಟು ನಿಂತರು. ಇಬ್ಬರೂ ಪಟದ ಒಂದೊಂದು ತುದಿ ಹಿಡಿದು ಮನೆಯ ಏರು ಹಾದಿ ಹಿಡಿದರು. ಸ್ವಲ್ಪ ದೂರ ಹೋದ ಮೇಲೆ ಅವಳು ಮುಂದೆ ನೋಡುತ್ತಲೇ ಮಾತಾಡಿದಳು.

“ಏಳು ವರ್ಷ ಮನೇಲಿ ಒಂದು ಸಲ ಹೇಳಲಿಲ್ಲ. ಊರಿನ ಮುಂದೆ ಹೇಳಿದ್ರಿ.”

“ನಿನ್ನ ಮುಂದೆ ಬಾಯಿ ಬರಲಿಲ್ಲ.”

“ನಾನು ಒಪ್ಪಿದೆ ಅಂತ ತಿಳ್ಕೋಬೇಡಿ.”

“ಇಲ್ಲ.”

ಸಮುದ್ರದ ಕಡೆಯಿಂದ ಗಾಳಿ ಬಂದು ಪಟಕ್ಕೆ ಬಡಿಯಿತು. ಅವಳ ಕೈ ಜಾರುವಂತಾಯಿತು.

“ಹಾಗಲ್ಲ, ಗಾಳಿಗೆ ಅಡ್ಡ ಮಾಡ್ಬೇಡ” ಎಂದ ಅವನು. “ಅಂಚು ಮುಂದೆ ಮಾಡಿ ಹಿಡಿ. ಇಲ್ಲದಿದ್ದರೆ ನಮ್ಮನ್ನೇ ಎಳೆದುಕೊಂಡು ಹೋಗುತ್ತೆ.”

ಅವಳು ತಿರುಗಿಸಿ ಹಿಡಿದುಕೊಂಡಳು. “ತುಂಬಾ ಭಾರ ಇದೆ” ಎಂದಳು. ಅಷ್ಟು ಹೇಳುವಷ್ಟರಲ್ಲಿ ಅವಳಿಗೆ ಅಳು ಬಂತು. ಅವನು ನಿಂತ. ಅವಳು ನಿಲ್ಲಬೇಡಿ ಎಂದು ತಲೆಯಾಡಿಸಿದಳು. ಅಳುತ್ತಲೇ ಹೆಜ್ಜೆ ಹಾಕಿದಳು, ಅವನೂ ಹಾಕಿದ.